ಗುತ್ತಿಗೆಗೆ ಮೊದಲು ಮಾತುಕತೆ

ನರಸಾಪುರದ ವಿಸ್ಟ್ರಾನ್ ಕಾರ್ಖಾನೆಯಲ್ಲಿ 2020ರ ಡಿಸೆಂಬರ್ 12ರಂದು ಗಾಜುಗಳು ಒಡೆದವು. ಸಂಬಳದ ಬಾಕಿ, ಹನ್ನೆರಡು ಗಂಟೆಯ ಪಾಳಿ ಎಂಬ ದೂರುಗಳು ಸುದ್ದಿಯಾದದ್ದು ಆಮೇಲೆಯೇ. ದುಡಿಯುತ್ತಿದ್ದವರಲ್ಲಿ ಬಹುಪಾಲು ಗುತ್ತಿಗೆಯವರು. ಕೇಳಿದರೆ ಕಂಪನಿ ಏಜೆನ್ಸಿಯತ್ತ ಕೈ ತೋರಿಸುತ್ತದೆ, ಏಜೆನ್ಸಿ ಕಂಪನಿಯತ್ತ; ಗುತ್ತಿಗೆ ಪದ್ಧತಿಯಿಂದ ಮಾಲೀಕರಿಗಿರುವ ಅನುಕೂಲವೇ ಅದು.

ಟ್ರೋಲ್‌ಹೆಟ್ಟನ್ನಿನ ಕಾರ್ಖಾನೆಗಳಲ್ಲೂ ಹೊರಗುತ್ತಿಗೆ ಉಂಟು. ಆದರೆ ಸ್ವೀಡನ್ನಿನ 1976ರ ಸಹನಿರ್ಣಯ ಕಾಯ್ದೆಯ 38ನೇ ಕಲಮಿನಂತೆ, ಸಾಮೂಹಿಕ ಒಪ್ಪಂದಕ್ಕೆ ಬದ್ಧನಾದ ಮಾಲೀಕ ಹೊರಗಿನವರನ್ನು ಕರೆತರುವ ಮೊದಲೇ ಸಂಘದೊಡನೆ ಮಾತುಕತೆಗೆ ಕೂರಬೇಕು. ಕಾನೂನನ್ನೋ ಒಪ್ಪಂದವನ್ನೋ ಮೀರುವ ಸೂಚನೆ ಕಂಡರೆ ಕೇಂದ್ರ ಸಂಘ ಅದನ್ನು ತಡೆಯಲೂಬಹುದು. 2022ರ ಅಕ್ಟೋಬರಿನಿಂದ ಇನ್ನೊಂದು ನಿಯಮ: 36 ತಿಂಗಳಲ್ಲಿ 24 ತಿಂಗಳಿಗೂ ಹೆಚ್ಚು ಒಂದೇ ಕಡೆ ದುಡಿದ ಏಜೆನ್ಸಿ ಕಾರ್ಮಿಕರಿಗೆ ಕಾಯಂ ಕೆಲಸ ಕೊಡಬೇಕು, ಇಲ್ಲವೇ ಎರಡು ತಿಂಗಳ ಸಂಬಳ. ಈ "ಇಲ್ಲವೇ" ದೊಡ್ಡ ಕಿಂಡಿಯೇ ಸರಿ.

ನಮ್ಮಲ್ಲಿ 1970ರ ಗುತ್ತಿಗೆ ಕಾರ್ಮಿಕ ಕಾಯ್ದೆ ನಿಷೇಧದ ಅಧಿಕಾರವನ್ನು ಸರ್ಕಾರದ ಕೈಗಿತ್ತಿತು, ಸಂಘಗಳಿಗಲ್ಲ. ನಿಷೇಧವಾದರೂ ಕಾರ್ಮಿಕ ತಾನಾಗಿ ಕಾಯಂ ಆಗುವುದಿಲ್ಲವೆಂದು ಸುಪ್ರೀಂ ಕೋರ್ಟು 2001ರಲ್ಲಿ, ಉಕ್ಕು ಪ್ರಾಧಿಕಾರದ ಪ್ರಕರಣದಲ್ಲಿ, ತೀರ್ಪಿತ್ತಿತು. 2020ರ ಸಂಹಿತೆಯಂತೂ ಅನ್ವಯದ ಮಿತಿಯನ್ನೇ 20ರಿಂದ 50 ಕಾರ್ಮಿಕರಿಗೆ ಏರಿಸಿತು.

ಕರ್ನಾಟಕದ ಸಂಘಗಳು ಕಾಯಮಾತಿಯ ಜೊತೆಗೆ ಈ ಪೂರ್ವಭಾವಿ ಮಾತುಕತೆಯ ಹಕ್ಕನ್ನೂ ಕೇಳಬೇಕೆಂಬುದು ನನ್ನ ವಾದ. ಇಲ್ಲಿಗೆ ಕನ್ಸಲ್ಟೆಂಟರಾಗಿ ಬಂದ ನಾವೂ ಒಂದರ್ಥದಲ್ಲಿ ಗುತ್ತಿಗೆಯವರೇ. ಸಂಘದ ಚಂದಾ ದಂಡವೆಂದುಕೊಂಡು ದೂರ ಉಳಿದರೆ ಆ ಮಾತುಕತೆಯಲ್ಲಿ ನಮ್ಮ ಪರ ಕೂರುವವರು ಯಾರು?