ಪೇಟಿಗೆ ಮಾಫಿ, ಕ್ಯಾಸಿಯೊಗೆ ಶಿಕ್ಷೆ

ಕಳೆದ ಚಳಿಗಾಲದಲ್ಲಿ ಹುಕ್ಕೇರಿ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹೆಣ್ಣುಮಕ್ಕಳ ಭಜನಾ ಮಂಡಳಿಯ ಹಾಡುಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಿದ್ದೆ. ಗುಡಿಯ ಕಟ್ಟೆಯ ಮೇಲೆ ಎಂಟು ಜನ, ಎರಡು ಜೋಡಿ ತಾಳ, ಒಂದು ದಮ್ಮಡಿ. ನಡುವೆ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅಡ್ಡ ಇಟ್ಟಿದ್ದ ಒಂದು ಕೀಬೋರ್ಡ್. ಯಾವ ಕಂಪನಿಯದೇ ಇರಲಿ, ಈ ಕಡೆ ಅದಕ್ಕೆ ಕ್ಯಾಸಿಯೊ ಎಂದೇ ಹೆಸರು. ನುಡಿಸುತ್ತಿದ್ದವಳು ಹತ್ತನೇ ಇಯತ್ತೆಯ ಹುಡುಗಿ. ಎಡಗೈಯ ಒಂದು ಬೆರಳಿನಿಂದ ಒಂದು ಮನೆ ಒತ್ತಿ ಹಿಡಿದರೆ ಮೂರು ಸ್ವರ ಒಟ್ಟಿಗೆ ತುಂಬಿಕೊಳ್ಳುತ್ತಿದ್ದವು. ಫೋಟೋ ತೆಗೆಯುವ ಮುಂಚೆ ನಾನು ಹೇಳಿದೆ: "ಅವ್ವಾರ, ಆ ಕ್ಯಾಸಿಯೊ ಒಂದೀಟ ಬಾಜೂಕ ಇಡ್ರಿ, ಫೋಟೋದಾಗ ಬರೂದು ಬ್ಯಾಡ."

ಹಿರಿಯಾಕಿ ಕೇಳಿದಳು: "ಯಾಕವಾ ತಂಗಿ? ಅದೂ ನಮ್ಮದ ಐತಿ. ರೊಕ್ಕಾ ಕೂಡ್ಸಿ ತಂದೇವಿ."

ನನ್ನ ಬಳಿ ಉತ್ತರವಿರಲಿಲ್ಲ. ಆದರೂ ಅದನ್ನು ಸರಿಸಿಯೇ ಫೋಟೋ ತೆಗೆದೆ. ಆ ಫೋಟೋದಲ್ಲಿ ಹುಡುಗಿಯ ಕೈ ಖಾಲಿ, ಮುಖ ಕೆಳಗೆ. ಈ ಬರಹ ಆ ಫೋಟೋಗೆ ಕಟ್ಟುತ್ತಿರುವ ದಂಡ. ಜೊತೆಗೆ, ನನಗೆ ಆ ಬುದ್ಧಿ ಕಲಿಸಿದ ನಮ್ಮ ಜಾನಪದ ವಿದ್ವತ್ತಿನ ಮೇಲೆ ಒಂದು ತಕರಾರು ಕೂಡ.

ಅದೇ ಕಟ್ಟೆಯ ಮೇಲೆ ಹಾರ್ಮೋನಿಯಂ ಇದ್ದಿದ್ದರೆ ನಾನು ಸರಿಸುತ್ತಿರಲಿಲ್ಲ. ಪೇಟಿ ನಮ್ಮ ಪಾಲಿಗೆ ಪರಂಪರೆ. ಎಲ್ಲಿಯ ಪರಂಪರೆ? ಪ್ಯಾರಿಸ್ಸಿನ ಡೆಬೇನ್ ಎಂಬಾತ 1842ರಲ್ಲಿ ಹಾರ್ಮೋನಿಯಂಗೆ ಪೇಟೆಂಟ್ ಪಡೆದ. ಕಾಲಿನಿಂದ ತಿದಿ ಒತ್ತುವ ಆ ವಾದ್ಯವನ್ನು ನೆಲದ ಮೇಲೆ ಕೂತು ಒಂದು ಕೈಯಲ್ಲಿ ಗಾಳಿ ಹಾಕುವಂತೆ ಇಳಿಸಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಸಾರಂಗಿಗೆ ವರ್ಷಗಟ್ಟಲೆ ಉಗುರು ಸವೆಸಬೇಕಿದ್ದ ಕಾಲದಲ್ಲಿ ಇದು ಮನೆ ಒತ್ತಿದರೆ ಸ್ವರ ಕೊಡುತ್ತಿತ್ತು. ಅದು ಹಬ್ಬಿದ್ದೇ ಸುಲಭ ಎಂಬ ಕಾರಣಕ್ಕೆ, ಬೈಗುಳ ತಿಂದದ್ದೂ ಅದೇ ಕಾರಣಕ್ಕೆ. ಮೀಂಡ್ ಬರುವುದಿಲ್ಲ, ಶ್ರುತಿ ಕೆಡಿಸುತ್ತದೆ ಎಂದರು. ಆಕಾಶವಾಣಿಯಲ್ಲಿದ್ದ ಇಂಗ್ಲಿಷ್ ಸಂಯೋಜಕ ಜಾನ್ ಫೌಲ್ಡ್ಸ್ 1938ರಲ್ಲಿ ಅದರ ವಿರುದ್ಧ ಬರೆದರು. ರವೀಂದ್ರನಾಥ ಟ್ಯಾಗೋರರೂ ವಿರೋಧಿಗಳೇ. 1940ರ ಮಾರ್ಚ್ 1ರಿಂದ ರೇಡಿಯೋದಲ್ಲಿ ಹಾರ್ಮೋನಿಯಂ ಬಂದ್ ಆಯಿತು. ಸಡಿಲವಾಗತೊಡಗಿದ್ದು 1971ರಲ್ಲಿ, ಅದೂ ಷರತ್ತಿನ ಮೇಲೆ. ಮೂವತ್ತು ವರ್ಷಕ್ಕೂ ಮಿಕ್ಕಿದ ಬಹಿಷ್ಕಾರ.

ಆ ಮೂವತ್ತು ವರ್ಷ ನಮ್ಮ ಜಿಲ್ಲೆಯಲ್ಲಿ ಏನಾಗುತ್ತಿತ್ತು? ಕಾಗವಾಡದಲ್ಲಿ 1917ರಲ್ಲಿ ಹುಟ್ಟಿದ ರಾಂಭಾವು ಬಿಜಾಪುರೆಯವರು ಬೆಳಗಾವಿಯಲ್ಲಿ ಕೂತು ಅದೇ ಪೇಟಿಯ ಮೇಲೆ ಶಿಷ್ಯರನ್ನು ತಯಾರು ಮಾಡುತ್ತಿದ್ದರು, ದೊಡ್ಡ ದೊಡ್ಡ ಗವಾಯಿಗಳಿಗೆ ಸಾಥ್ ಕೊಡುತ್ತಿದ್ದರು. ಶ್ರೀಕೃಷ್ಣ ಪಾರಿಜಾತದ ಕುಲಗೋಡ ತಮ್ಮಣ್ಣನ ಊರು ಇಂದಿನ ಮೂಡಲಗಿ ತಾಲ್ಲೂಕಿನಲ್ಲಿದೆ. ಅಲ್ಲಿಂದ ದೂರವಿಲ್ಲದ ಕೌಜಲಗಿಯ ನಿಂಗಮ್ಮ ಪಾರಿಜಾತದ ಹೆಸರುವಾಸಿ ಕಲಾವಿದೆ. ಈ ಸೀಮೆಯಲ್ಲಿ ಪೇಟಿ ಮಾಸ್ತರ ಬಾರದೆ ಪಾರಿಜಾತ ಏಳುವುದಿಲ್ಲ. ದಿಲ್ಲಿಯ ಆಜ್ಞೆ ಗೋಕಾಕದ ಅಟ್ಟದ ಮೇಲೆ ಏರಲಿಲ್ಲ. ಈಗ ನಾವೇ ಸಣ್ಣ ದಿಲ್ಲಿಗಳಾಗಿದ್ದೇವೆ.

"ಹಾರ್ಮೋನಿಯಂ ನುಡಿಸಲು ಕಲಿಯಬೇಕು, ಇದು ತಾನೇ ನುಡಿಯುತ್ತದೆ" ಎಂದು ಒಂದು ವಿಚಾರಸಂಕಿರಣದಲ್ಲಿ ಹಿರಿಯರೊಬ್ಬರು ಗದರಿದ್ದರು. ಹಾಗಾದರೆ ಶಾಸ್ತ್ರೀಯ ವೇದಿಕೆಯ ಮೇಲಿನ ಎಲೆಕ್ಟ್ರಾನಿಕ್ ತಂಬೂರಿ? ಬೆಂಗಳೂರಿನ ರಾಡೆಲ್ ಕಂಪನಿಯ ಜಿ. ರಾಜ್ ನಾರಾಯಣ್ 1979ರ ಹೊತ್ತಿಗೇ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ತಯಾರಿಸಿದ್ದರು. ಸ್ವಿಚ್ ಹಾಕಿದರೆ ಅದೂ ತಾನೇ ನುಡಿಯುತ್ತದೆ. ಪಂಡಿತರ ಬೆನ್ನ ಹಿಂದೆ ಕೂತಾಗ ಅದು ಅನುಕೂಲ, ಗುಡಿಯ ಕಟ್ಟೆಯ ಮೇಲೆ ಕೂತಾಗ ಸಂಸ್ಕೃತಿಯ ಅಧಃಪತನ! ಜಪಾನಿನ ಸುಜುಕಿ ಕಂಪನಿ 1981ರಲ್ಲಿ ಓಮ್ನಿಕಾರ್ಡ್ ಎಂಬ ವಾದ್ಯ ತಂದಿತು. ಒಂದು ಗುಂಡಿ ಒತ್ತಿ ಕಾರ್ಡ್ ಆರಿಸಿ, ಪಕ್ಕದ ಪಟ್ಟಿಯ ಮೇಲೆ ಬೆರಳೆಳೆದರೆ ತಂತಿ ಮೀಟಿದಂತೆ ಸ್ವರಗಳು ಉದುರುತ್ತವೆ. ಸಂಗೀತ ಬಾರದವರಿಗೆಂದೇ ಮಾಡಿದ್ದು, ಈಗ ಅದನ್ನು ಹುಡುಕಿ ಕೊಳ್ಳುವ ವೃತ್ತಿಪರ ಸಂಗೀತಗಾರರಿದ್ದಾರೆ. ನಮ್ಮ ಹಳ್ಳಿಗೆ ಅದು ಬರಲಿಲ್ಲ. ಆ ಕೆಲಸವನ್ನು ಕ್ಯಾಸಿಯೊದ ಒಂದು ಬೆರಳಿನ ಕಾರ್ಡ್ ಮಾಡಿತು.

ಎದುರಾಳಿಗಳ ಮಾತಿನಲ್ಲಿ ಒಂದು ಸತ್ಯವಿದೆ, ಅದನ್ನು ನುಂಗಬಾರದು. ಕಾರ್ಡಿಗೆ ರಾಗ ಗೊತ್ತಿಲ್ಲ. ಮಾಲಕಂಸದ ಪದ ಹಾಡುವಾಗ ಷಡ್ಜದ ಮೇಲೆ ಬೆರಳಿಟ್ಟರೆ ಯಂತ್ರ ಸಾ, ಶುದ್ಧ ಗಾಂಧಾರ, ಪಂಚಮ ಕೊಡುತ್ತದೆ. ಮಾಲಕಂಸದಲ್ಲಿ ಶುದ್ಧ ಗಾಂಧಾರವೂ ಇಲ್ಲ, ಪಂಚಮವೂ ಇಲ್ಲ. ಮೂರರಲ್ಲಿ ಎರಡು ತಪ್ಪು. ಆದರೆ ಮಧ್ಯಮದ ಮೇಲೆ ಮೈನರ್ ಹಿಡಿದು ನೋಡಿ: ಮಾ, ಕೋಮಲ ಧೈವತ, ಸಾ. ಮೂರೂ ರಾಗದ ಒಳಗಿನವೇ. ಭೂಪದಲ್ಲಿ ಷಡ್ಜದ ಮೇಜರ್ ಹಾಗೇ ಕೂಡುತ್ತದೆ, ಧೈವತದ ಮೈನರ್ ಕೂಡ. ಭೈರವಿಗೆ ಷಡ್ಜದ ಮೈನರ್ ಸಾಕು. ರಾಗದ ನಡೆ ಇದರಿಂದ ಬರುವುದಿಲ್ಲ, ನಿಜ. ಆದರೆ ಒಂದು ಭಜನೆಯ ಕೆಳಗೆ ಹಾಸಲು ಚಾಪೆ ಸಿಗುತ್ತದೆ. ಇದನ್ನು ಒಂದು ಹಾಳೆಯ ಮೇಲೆ ಬರೆದುಕೊಡಲು ಅರ್ಧ ದಿನ ಬೇಕು. ಬೈಯಲು ನಮಗೆ ಎಷ್ಟು ವರ್ಷ ಬೇಕಾದರೂ ಸಿಗುತ್ತದೆ, ಆ ಅರ್ಧ ದಿನ ಮಾತ್ರ ಸಿಕ್ಕಿಲ್ಲ.

ನನ್ನ ಜಗಳ ಇರುವುದು ಅದೇ ವಾದ್ಯದ ಇನ್ನೊಂದು ಗುಂಡಿಯ ಜೊತೆ. ರಿದಮ್ ಗುಂಡಿ. ಕಾರ್ಡ್ ಯಾರ ಜಾಗವನ್ನೂ ಕಸಿಯಲಿಲ್ಲ, ಏಕೆಂದರೆ ಆ ಹೆಣ್ಣುಮಕ್ಕಳ ಜೊತೆ ಪೇಟಿ ಹಿಡಿದು ಕೂರಲು ಯಾವ ಮಾಸ್ತರನೂ ಬಂದಿರಲಿಲ್ಲ. ರಿದಮ್ ಮಾತ್ರ ತಬಲಾದವನ ರಾತ್ರಿಯ ಪಗಾರ ತಿನ್ನುತ್ತದೆ. ಅದೂ ಹೋಗಲಿ, ಹಾಡುವವಳು ಉಸಿರಿಗೆ ನಿಂತರೂ ಅದು ನಿಲ್ಲುವುದಿಲ್ಲ. ಭಜನೆಯಲ್ಲಿ ಲಯ ಏರುವುದು ಜನರ ಮೈ ಬಿಸಿಯಾದ ಹಾಗೆ, ಯಂತ್ರಕ್ಕೆ ಆ ಬಿಸಿ ತಾಕುವುದಿಲ್ಲ. ಆ ಹುಡುಗಿ ರಿದಮ್ ಹಾಕಿರಲಿಲ್ಲ ಎಂಬುದನ್ನು ನಾನು ಗಮನಿಸಿದ್ದು ಮನೆಗೆ ಬಂದು ರೆಕಾರ್ಡಿಂಗ್ ಕೇಳಿದಾಗ. ದಮ್ಮಡಿಗೆ ಜಾಗ ಬಿಟ್ಟಿದ್ದಳು. ಯಾರೂ ಹೇಳಿಕೊಟ್ಟಿರಲಿಲ್ಲ.

"ಕರೆಂಟ್ ಹೋದರೆ ನಿಮ್ಮ ಸಂಗೀತವೂ ಹೋಯಿತು" ಎಂಬ ಚೇಷ್ಟೆಯೂ ಇದೆ. ಹುಕ್ಕೇರಿಯವರಿಗೆ ಇದನ್ನು ಹೇಳಬೇಡಿ. 1969ರಿಂದ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ಕಟ್ಟಿಕೊಂಡು ಕರೆಂಟ್ ಹಂಚಿಕೊಂಡವರು ಅವರು.

ಮತ್ತೆ ಆ ಊರಿಗೆ ಹೋಗಿದ್ದೆ. ಮಧ್ಯಮದ ಮೈನರ್ ತೋರಿಸಿದೆ. ಹುಡುಗಿ ಎರಡು ಸಲ ಒತ್ತಿ ನೋಡಿ, "ಇದು ನಂಗ ಗೊತ್ತಿತ್ರಿ ಅಕ್ಕಾರ, ಹೆಸರು ಗೊತ್ತಿರಲಿಲ್ಲ" ಅಂದಳು. ಹೊಸ ಫೋಟೋ ತೆಗೆದುಕೊಂಡು ಬಂದೆ. ಪ್ರಬಂಧದ ವಾದ್ಯಗಳ ಪಟ್ಟಿಯಲ್ಲಿ ತಾಳ, ದಮ್ಮಡಿ, ಹಾರ್ಮೋನಿಯಂ ಆದಮೇಲೆ ಕ್ಯಾಸಿಯೊ ಎಂದು ಸೇರಿಸಿ ಅಧ್ಯಾಯ ಕಳಿಸಿದೆ. ಹಿಂತಿರುಗಿ ಬಂದ ಪ್ರತಿಯಲ್ಲಿ ಕ್ಯಾಸಿಯೊ ಪಕ್ಕ ಕೆಂಪು ಶಾಯಿಯ ಪ್ರಶ್ನಾರ್ಥಕ ಚಿಹ್ನೆ ಇದೆ. ಹಾರ್ಮೋನಿಯಂ ಪಕ್ಕ ಇಲ್ಲ.