ಛಾಯಾಚಿತ್ರ ಶಿಬಿರ: ಒಂದು ದಿನದ್ದಲ್ಲ, ನಾಲ್ಕು ಕಾಲದ್ದಾಗಲಿ

ಸಂಘದ ವತಿಯಿಂದ ಹವ್ಯಾಸಿಗಳಿಗಾಗಿ ಒಂದು ಛಾಯಾಚಿತ್ರ ಶಿಬಿರ ಏರ್ಪಡಿಸಬೇಕೆಂಬ ಕೋರಿಕೆ ಸದಸ್ಯರಿಂದ, ಅದರಲ್ಲೂ ಸದಸ್ಯರ ಮನೆಯ ಯುವಕ ಯುವತಿಯರಿಂದ ಬರುತ್ತಲೇ ಇದೆ. ಇದಕ್ಕೆ ಎರಡು ಬಗೆಯ ಉತ್ತರಗಳೂ ಕೇಳಿಬಂದಿವೆ. ಗೊಬ್ಬರ, ಮೈಲುತುತ್ತ ಒದಗಿಸುವುದು, ಫಸಲಿನ ಮಾರಾಟ ನೋಡಿಕೊಳ್ಳುವುದು ಸಂಘದ ಕೆಲಸವೇ ಹೊರತು ಫೋಟೋ ತೆಗೆಯುವುದನ್ನು ಕಲಿಸುವುದಲ್ಲ ಎನ್ನುವವರು ಒಂದು ಕಡೆ. ಬೆಂಗಳೂರಿನಿಂದ ಯಾರನ್ನಾದರೂ ಕರೆಸಿ, ಒಂದು ಭಾನುವಾರ ಶಿಬಿರ ನಡೆಸಿ, ಊಟ ಹಾಕಿ ಕಳಿಸಿಬಿಡೋಣ ಎನ್ನುವವರು ಇನ್ನೊಂದು ಕಡೆ. ಈ ಎರಡು ಮಾತನ್ನೂ ನಾವು ಒಪ್ಪುವುದಿಲ್ಲ. ಶಿಬಿರ ನಡೆಯಲೇಬೇಕು. ಆದರೆ ಅದು ವರ್ಷದಲ್ಲಿ ನಾಲ್ಕು ಸಲ, ಅದೇ ಶಿಬಿರಾರ್ಥಿಗಳಿಗೆ, ನಮ್ಮದೇ ತೋಟಗಳಲ್ಲಿ, ಬೆಳೆಯ ಕಾಲಮಾನವನ್ನು ಅನುಸರಿಸಿ ನಡೆಯಬೇಕು ಎಂಬುದು ನಮ್ಮ ಅಭಿಪ್ರಾಯ.

ಒಂದು ದಿನದಲ್ಲಿ ಕಲಿಯಬಹುದಾದದ್ದು ಕ್ಯಾಮರಾದ ಗುಂಡಿಗಳ ಉಪಯೋಗ ಮಾತ್ರ. ಈಗ ಜೇಬಿನಲ್ಲಿರುವ ಮೊಬೈಲು ಆ ಕೆಲಸದ ಬಹುಭಾಗವನ್ನು ತಾನೇ ಮಾಡಿಬಿಡುತ್ತದೆ. ಯಂತ್ರ ಮಾಡಲಾರದ ಕೆಲಸವೆಂದರೆ ಬೆಳಕನ್ನು ಗುರುತಿಸುವುದು. ಬೆಳಕಾದರೋ ತಿಂಗಳಿಂದ ತಿಂಗಳಿಗೆ ಬದಲಾಗುವ ವಸ್ತು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಗೊಮ್ಮಟನನ್ನೇ ನೋಡಿ. ಮೂರ್ತಿ ನಿಂತಿರುವುದು ಉತ್ತರಾಭಿಮುಖವಾಗಿ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ಸರಿದಿರುವುದರಿಂದ ಬಿಸಿಲು ಬೆನ್ನಿಗೆ ಬೀಳುತ್ತದೆ, ಮುಖ ನೆರಳಿನಲ್ಲಿರುತ್ತದೆ. ಮೇ, ಜೂನ್ ತಿಂಗಳಲ್ಲಿ ಸೂರ್ಯ ಈಶಾನ್ಯದ ಕಡೆಯಿಂದ ಏರುವಾಗ, ಮೋಡವಿಲ್ಲದ ಬೆಳಗಿನ ಓರೆ ಬಿಸಿಲು ಮುಖದ ಒಂದು ಪಾರ್ಶ್ವವನ್ನು ಸವರಿಕೊಂಡು ಹೋಗುತ್ತದೆ. ಆಗ ತುಟಿ, ಕೆನ್ನೆ, ಗುಂಗುರು ಕೂದಲಿನ ಕೆತ್ತನೆ ಎದ್ದು ಕಾಣುತ್ತದೆ. ಅದೇ ಕಲ್ಲು, ಅದೇ ಕ್ಯಾಮರಾ. ಆದರೆ ಚಿತ್ರ ಬೇರೆ. ಡಿಸೆಂಬರಿನಲ್ಲಿ ಒಂದು ದಿನ ಬಂದು ಹೋದವನಿಗೆ ಈ ಪಾಠ ಸಿಗುವುದಾದರೂ ಹೇಗೆ?

ಹವ್ಯಾಸಿಗಳು ಈ ವಿದ್ಯೆಯಲ್ಲಿ ಎಷ್ಟು ದೂರ ಹೋಗಬಲ್ಲರೆಂಬುದಕ್ಕೆ ನಮ್ಮ ನಾಡಿನಲ್ಲಿ ಒಳ್ಳೆಯ ಉದಾಹರಣೆಗಳಿವೆ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಯೂತ್ ಫೋಟೋಗ್ರಾಫಿಕ್ ಸೊಸೈಟಿ, ಬೇರೆ ಬೇರೆ ಉದ್ಯೋಗದಲ್ಲಿದ್ದ ಹವ್ಯಾಸಿಗಳು ಸೇರಿ ಬೆಳೆಸಿದ ಸಂಸ್ಥೆ. ರಾಜ್ಯದಲ್ಲಿ ಮಂತ್ರಿಗಳಾಗಿದ್ದ ಸಂಡೂರಿನ ಎಂ. ವೈ. ಘೋರ್ಪಡೆಯವರು ವನ್ಯಜೀವಿ ಛಾಯಾಗ್ರಹಣದಲ್ಲೂ ಹೆಸರು ಮಾಡಿದರು. 2017ರಲ್ಲಿ ತೀರಿಕೊಂಡ ಟಿ. ಎನ್. ಎ. ಪೆರುಮಾಳರು ತಾವು ಚಿತ್ರ ತೆಗೆದದ್ದಷ್ಟೇ ಅಲ್ಲ, ಎಷ್ಟೋ ಮಂದಿ ಕಿರಿಯರಿಗೆ ಕೈ ಹಿಡಿದು ಕಲಿಸಿದರು. ಇನ್ನು ನಮ್ಮ ನೆರೆಯ ಮೂಡಿಗೆರೆಯಲ್ಲಿ ಕಾಫಿ ಬೆಳೆದುಕೊಂಡೇ ಹಕ್ಕಿಗಳ ಚಿತ್ರ ತೆಗೆದ ಪೂರ್ಣಚಂದ್ರ ತೇಜಸ್ವಿಯವರ (1938–2007) ವಿಷಯ ಬೆಳೆಗಾರರಿಗೆ ಹೇಳಬೇಕಾಗಿಲ್ಲ. ಇವರಲ್ಲಿ ಯಾರೂ ಒಂದು ಭಾನುವಾರದಲ್ಲಿ ಕಲಿತವರಲ್ಲ. ಒಂದೇ ವಿಷಯಕ್ಕೆ ಮತ್ತೆ ಮತ್ತೆ ಮರಳಿ, ತೆಗೆದದ್ದನ್ನು ಬಲ್ಲವರ ಮುಂದಿಟ್ಟು, ಮೆಚ್ಚುಗೆಯನ್ನೂ ಟೀಕೆಯನ್ನೂ ಕೇಳಿ ಕಲಿತರು.

ಈಗ ನಾಲ್ಕು ಶಿಬಿರಗಳ ವಿಚಾರ. ಮೊದಲನೆಯದು ಕಾಫಿ ಹೂವಿನ ಕಾಲಕ್ಕೆ. ಇದಕ್ಕೆ ಮುಂಚಿತವಾಗಿ ತಾರೀಖು ಗೊತ್ತುಮಾಡುವಂತಿಲ್ಲ. ಒಳ್ಳೆಯ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಹೂ ಅರಳುತ್ತದೆ, ಎರಡು ಮೂರು ದಿನದಲ್ಲಿ ಕಂದಿಹೋಗುತ್ತದೆ. ಆದ್ದರಿಂದ ಮಳೆ ಬಿದ್ದ ಮೇಲೆಯೇ ಶಿಬಿರಾರ್ಥಿಗಳಿಗೆ ತಿಳಿಸಬೇಕು. ಇಲ್ಲಿಯ ಪಾಠ ಬಿಳಿಯ ಬಣ್ಣದ್ದು. ಚೌಕಟ್ಟಿನ ತುಂಬ ಬಿಳಿ ಹೂವೇ ಇದ್ದರೆ ಕ್ಯಾಮರಾ ಮೋಸಹೋಗಿ ಚಿತ್ರವನ್ನು ಬೂದು ಮಾಡುತ್ತದೆ. ಆಗ ಬೆಳಕನ್ನು ಒಂದಿಷ್ಟು ಹೆಚ್ಚಿಸಬೇಕು. ಕಡುಹಸಿರು ಎಲೆಗಳ ನಡುವೆ ಒಂದೇ ಗೊಂಚಲು ಹೂವಿದ್ದರೆ ಇದಕ್ಕೆ ವಿರುದ್ಧ: ಕ್ಯಾಮರಾ ಎಲೆಯನ್ನು ನೋಡಿ ಬೆಳಕು ಹೆಚ್ಚಿಸುತ್ತದೆ, ಹೂವು ಸುಣ್ಣ ಬಳಿದಂತಾಗಿ ಎಸಳು ಕಾಣದಂತಾಗುತ್ತದೆ, ಆಗ ಬೆಳಕನ್ನು ತಗ್ಗಿಸಬೇಕು. ಈ ಒಂದು ಪಾಠವನ್ನು ಸರಿಯಾಗಿ ಕಲಿತವರು ಅರ್ಧ ವಿದ್ಯೆ ಕಲಿತಂತೆ.

ಎರಡನೆಯದು ಆಷಾಢದ ಮಳೆಯಲ್ಲಿ. ಮಳೆಗಾಲದಲ್ಲಿ ಕ್ಯಾಮರಾ ಹೊರತೆಗೆಯಬಾರದೆಂಬ ಭಾವನೆ ಬಹಳ ಮಂದಿಗಿದೆ. ಆದರೆ ಎಲೆಯ, ತೊಗಟೆಯ, ಕಾಯಿಯ ನಿಜವಾದ ಬಣ್ಣ ಕಾಣುವುದು ಮೋಡದ ಬೆಳಕಿನಲ್ಲಿಯೇ. ಬಿಸಿಲಿರುವಾಗ ತೋಟದೊಳಗೆ ಮರದ ನೆರಳೂ ಬಿಸಿಲ ಚುಕ್ಕಿಗಳೂ ಬೆರೆತು ಗಿಡದ ಆಕಾರವೇ ಕೆಡುತ್ತದೆ. ಲೆನ್ಸಿನೊಳಗೆ ಬೂಷ್ಟು ಹಿಡಿಯದಂತೆ ಮುಚ್ಚಳ ಬಿಗಿಯಾದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವ ಕ್ರಮವನ್ನೂ ಅಂದೇ ಹೇಳಿಕೊಡಬೇಕು.

ಮೂರನೆಯದು ದೀಪಾವಳಿಯ ಆಸುಪಾಸಿಗೆ. ಬೆಳಗಿನ ಮಂಜು, ಸಿಲ್ವರ್ ಓಕ್ ಮರಗಳ ನಡುವಿನಿಂದ ಇಳಿಯುವ ಬಿಸಿಲಿನ ಕೋಲು, ಮರವೇರಿದ ಕೊನೆಗಾರ, ಅಡಿಕೆ ಬೇಯಿಸುವ ಹಂಡೆಯ ಹಬೆ, ಇವೆಲ್ಲ ಎದುರು ಬೆಳಕಿನ ಪಾಠಗಳು. ನಾಲ್ಕನೆಯದು ಧನುರ್ಮಾಸದಲ್ಲಿ, ಅರೇಬಿಕಾ ಕುಯಿಲು ನಡೆಯುತ್ತಿರುವಾಗ. ಹಣ್ಣು ಬಿಡಿಸುವ ಕೈಯ ಚಲನೆ ಕಲಸಿಹೋಗದಂತೆ ಹಿಡಿಯಲು ಶಟರ್ ವೇಗ ಎಷ್ಟಿರಬೇಕು, ಕಣದಲ್ಲಿ ಹರವಿದ ಕಾಫಿಯ ಸಾಲುಗಳು ಸಂಜೆಯ ಓರೆ ಬಿಸಿಲಿನಲ್ಲಿ ಹೇಗೆ ಎದ್ದು ಕಾಣುತ್ತವೆ ಎಂಬುದನ್ನು ಕಣದಲ್ಲೇ ನಿಂತು ನೋಡಬೇಕು.

ಪ್ರತಿಯೊಬ್ಬ ಶಿಬಿರಾರ್ಥಿಯೂ ಮೊದಲ ದಿನವೇ ತನ್ನ ತೋಟದಲ್ಲಿ ಒಂದು ಜಾಗವನ್ನು ಆರಿಸಿಕೊಳ್ಳಲಿ. ಒಂದು ಗಿಡವಾಗಬಹುದು, ಒಂದು ಅಡಿಕೆ ಸಾಲಾಗಬಹುದು, ಮನೆಯ ಮುಂದಿನ ಕಣವಾಗಬಹುದು. ಅಲ್ಲಿ ಒಂದು ಗೂಟ ನೆಟ್ಟು, ಅದೇ ಗೂಟದ ಬಳಿ ನಿಂತು, ನಾಲ್ಕು ಕಾಲದಲ್ಲೂ ಅದನ್ನೇ ಚಿತ್ರಿಸಲಿ. ಹೊಸ ಹೊಸ ಜಾಗಗಳ ಬೆನ್ನು ಹತ್ತುವವರಿಗಿಂತ ಒಂದೇ ಜಾಗವನ್ನು ನಾಲ್ಕು ಸಲ ನೋಡಿದವರು ಹೆಚ್ಚು ಕಲಿಯುತ್ತಾರೆಂಬುದು ನಮ್ಮ ನಂಬಿಕೆ.

ಇದರಿಂದ ಕೃಷಿಗೆ ಏನು ಬಂತು ಎಂದು ಕೇಳುವ ಹಿರಿಯರಿಗೆ ಉತ್ತರ ಇಲ್ಲಿಯೇ ಇದೆ. ಕಾಫಿಯ ಎಲೆತುಕ್ಕು ಮೊದಲು ಕಾಣುವುದು ಎಲೆಯ ಕೆಳಭಾಗದಲ್ಲಿ, ಕಿತ್ತಳೆ ಬಣ್ಣದ ಪುಡಿಯಾಗಿ. ಬಿಳಿ ಕಾಂಡಕೊರಕ ಹೊಕ್ಕ ಗಿಡದ ಕಾಂಡದ ಮೇಲೆ ಏಣುಗಳು ಏಳುತ್ತವೆ. ಈಚಿನ ವರ್ಷಗಳಲ್ಲಿ ಮಲೆನಾಡಿನ ಅಡಿಕೆಯನ್ನು ಕಾಡುತ್ತಿರುವ ಎಲೆಚುಕ್ಕೆ ರೋಗ ಸಣ್ಣ ಚುಕ್ಕೆಗಳಿಂದಲೇ ಆರಂಭವಾಗುತ್ತದೆ. ಮೈ ಬಗ್ಗಿಸಿ, ಎಲೆ ತಿರುಗಿಸಿ, ಹತ್ತಿರದಿಂದ ನೋಡುವ ಅಭ್ಯಾಸ ಇರುವವರಿಗೆ ಇವು ಬೇಗ ಕಾಣುತ್ತವೆ. ಆ ಅಭ್ಯಾಸವನ್ನು ಕ್ಯಾಮರಾದಷ್ಟು ಚೆನ್ನಾಗಿ ಕಲಿಸುವ ವಸ್ತು ಇನ್ನೊಂದಿಲ್ಲ.

ರೋಗದ ಚಿತ್ರವನ್ನು ತಜ್ಞರಿಗೆ ಕಳಿಸುವುದಕ್ಕೂ ಕ್ರಮವಿದೆ. ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಅಂಥ ಕಡೆಗೆ ಮಸುಕಾದ ಒಂದು ಎಲೆಯ ಚಿತ್ರ ಕಳಿಸಿ ಔಷಧ ಕೇಳಿದರೆ ಯಾರು ತಾನೇ ಏನು ಹೇಳಿಯಾರು? ಮೊದಲು ತೋಟದ ಸಾಲು, ಆಮೇಲೆ ಇಡೀ ಗಿಡ, ಆಮೇಲೆ ರೋಗ ತಗುಲಿದ ಭಾಗ, ಕೊನೆಗೆ ಎಲೆಯ ಎರಡೂ ಮಗ್ಗುಲು, ಪಕ್ಕದಲ್ಲಿ ಅಳತೆಗೆ ಒಂದು ರೂಪಾಯಿ ನಾಣ್ಯ: ಹೀಗೆ ಕ್ರಮವಾಗಿ ತೆಗೆದ ಚಿತ್ರಗಳು ತಜ್ಞರ ಕೆಲಸವನ್ನು ಹಗುರ ಮಾಡುತ್ತವೆ. ಇವು ಮಾದರಿ ಪರೀಕ್ಷೆಗೆ ಬದಲಿಯಲ್ಲ, ಆದರೆ ಒಳ್ಳೆಯ ಆರಂಭ.

ಬೆಳೆಹಾನಿಯ ವಿಷಯವೂ ಹಾಗೆಯೇ. 2018ರ ಆಗಸ್ಟಿನ ಮಳೆಯಲ್ಲಿ ಸಕಲೇಶಪುರದ ಘಟ್ಟದಲ್ಲಿ ರೈಲು ಹಳಿಯ ಮೇಲೆ ಗುಡ್ಡ ಕುಸಿದದ್ದನ್ನು ನಾಡೆಲ್ಲ ಚಿತ್ರಗಳಲ್ಲಿ ನೋಡಿತು. ಬರೆ ಜರಿದ ತೋಟ, ಆನೆ ತುಳಿದ ಸಾಲು ಇವುಗಳಿಗೆ ಪರಿಹಾರ ಕೇಳುವಾಗ ಹಾನಿಗೆ ಮುಂಚೆ ಆ ಜಾಗ ಹೇಗಿತ್ತೆಂದು ತೋರಿಸುವ ಚಿತ್ರ ಎಷ್ಟು ಮಂದಿಯಲ್ಲಿದೆ? ಗೂಟ ನೆಟ್ಟು ತೆಗೆದ ಚಿತ್ರಗಳು ಆಗ ಮಾತಾಡುತ್ತವೆ. ಆದರೆ ಮೂಲ ಚಿತ್ರವನ್ನು ಜೋಪಾನವಾಗಿಡಬೇಕು. ವಾಟ್ಸಾಪಿನಲ್ಲಿ ಮಾಮೂಲಿಯಾಗಿ ಕಳಿಸಿದ ಚಿತ್ರ ಕುಗ್ಗುತ್ತದೆ, ಅದರೊಳಗೆ ದಾಖಲಾಗಿದ್ದ ತಾರೀಖು, ಸ್ಥಳಗಳ ವಿವರವೂ ಅಳಿಸಿಹೋಗುತ್ತದೆ. ಇದನ್ನು ತಿಳಿಸಿಕೊಡುವುದೂ ಶಿಬಿರದ ಪಾಠವೇ.

ಹಣದ ಲೆಕ್ಕಕ್ಕೆ ಸಿಕ್ಕದ ಒಂದು ಕಾರಣವೂ ಇದೆ. ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲಿ ಮುಗಿದ ಮೇಲೆ ಹಿನ್ನೀರು ಊರುಗಳನ್ನು ನುಂಗಿತು. ಶೆಟ್ಟಿಹಳ್ಳಿಯ ಹಳೆಯ ಚರ್ಚು ಮಳೆಗಾಲದಲ್ಲಿ ನೀರಿನಲ್ಲಿ ಮುಳುಗಿ, ಬೇಸಿಗೆಯಲ್ಲಿ ಒಣ ನೆಲದ ಮೇಲೆ ನಿಲ್ಲುತ್ತದೆ. ಅದರ ಚಿತ್ರ ತೆಗೆಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ; ಬರಲಿ, ಸಂತೋಷ. ಆದರೆ ಮುಳುಗುವ ಮೊದಲು ಆ ಸೀಮೆಯ ಕಣ, ಕೊಟ್ಟಿಗೆ, ಬೀದಿ ಹೇಗಿತ್ತೆಂದು ಅಲ್ಲಿಂದ ಎದ್ದು ಬಂದ ಮನೆಯವರನ್ನು ಕೇಳಿ ನೋಡಿ. ಅವರ ನೆನಪಿನಲ್ಲಿ ಎಲ್ಲ ಇದೆ. ಮೊಮ್ಮಕ್ಕಳಿಗೆ ತೋರಿಸಲು ಚಿತ್ರ ಎಷ್ಟು ಮನೆಗಳಲ್ಲಿದೆ? ಹೊರಗಿನಿಂದ ಬಂದವರು ನಮ್ಮ ನಾಡಿನ ಮಂಜನ್ನೂ ಹೂವನ್ನೂ ತೆಗೆದುಕೊಂಡು ಹೋಗುತ್ತಾರೆ. ಸುರಿಯುವ ಮಳೆಯ ನಡುವೆ ಬಿಡುವು ನೋಡಿ ಕೊಳೆಔಷಧಿ ಹೊಡೆಯುವವನನ್ನು, ಮರಗಸಿ ಮಾಡುವವನನ್ನು, ಸಂಜೆ ಹಣ್ಣು ಅಳೆಯುವ ಸಾಲನ್ನು ತೆಗೆಯಬೇಕಾದವರು ಇಲ್ಲೇ ಇರುವ ನಾವು.

ಕಲಿಸುವವರು ಯಾರು? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಎಲ್ಲ ಕಡೆಯೂ ಸ್ಟುಡಿಯೋ ಇಟ್ಟುಕೊಂಡಿರುವ ಅನುಭವಿಗಳಿದ್ದಾರೆ. ಮದುವೆ ಮನೆಯ ಗಡಿಬಿಡಿಯಲ್ಲಿ, ಕತ್ತಲ ಛತ್ರದಲ್ಲಿ, ಒಂದೇ ಗಳಿಗೆಯಲ್ಲಿ ಧಾರೆಯ ಚಿತ್ರ ಹಿಡಿಯುವವರಿಗೆ ಬೆಳಕಿನ ಪಾಠ ಹೇಳಲು ಬರುವುದಿಲ್ಲವೇ? ಆಷಾಢದಲ್ಲೂ ಧನುರ್ಮಾಸದಲ್ಲೂ ಮದುವೆಗಳಿಲ್ಲದೆ ಅವರಿಗೆ ಬಿಡುವಿರುತ್ತದೆ. ನಮ್ಮ ಎರಡು ಶಿಬಿರಗಳು ಆ ಕಾಲಕ್ಕೇ ಬರುತ್ತವೆ. ಅವರಿಗೆ ಗೌರವಧನ ಕೊಟ್ಟು ಕರೆಯೋಣ. ತೋಟದ ವಿಷಯವನ್ನು ನಮ್ಮ ಹಿರಿಯ ಬೆಳೆಗಾರರೇ ಜೊತೆಗೆ ನಿಂತು ಹೇಳಲಿ.

ಕೆಲವು ಕಟ್ಟಳೆಗಳು ಮೊದಲೇ ಇರಬೇಕು. ಆಲೂರು, ಸಕಲೇಶಪುರ, ಬೇಲೂರು ಕಡೆಯ ತೋಟಗಳಲ್ಲಿ ಆನೆಯ ಸುಳಿವಿದ್ದ ದಿನ ಶಿಬಿರ ನಡೆಯಕೂಡದು. ಆನೆಯ ಚಿತ್ರಕ್ಕೆಂದು ಯಾರೂ ಹತ್ತಿರ ಹೋಗಕೂಡದು. ಒಂದು ಚಿತ್ರ ಒಂದು ಜೀವಕ್ಕೆ ಸಮನಲ್ಲ. ಗೂಡಿನಲ್ಲಿರುವ ಹಕ್ಕಿಯ ಮುಂದಿನ ಕೊಂಬೆ ಕಡಿದು ಚಿತ್ರ ತೆಗೆಯಬಾರದು. ಕೂಲಿ ಕೆಲಸದವರ ಚಿತ್ರವನ್ನು ಅವರನ್ನು ಕೇಳಿಯೇ ತೆಗೆಯಬೇಕು. ಬೇಡವೆಂದರೆ ಕ್ಯಾಮರಾ ಇಳಿಸಬೇಕು, ತೆಗೆದರೆ ಒಂದು ಪ್ರತಿ ಅವರ ಕೈಗೆ ಮುಟ್ಟಬೇಕು. ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವ ದೇವಾಲಯಗಳಲ್ಲಿ ಟ್ರೈಪಾಡ್ ಇಡಲು ಮುಂಚಿತವಾಗಿ ಅನುಮತಿ ಪಡೆಯಬೇಕು. ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಈ ಜವಾಬ್ದಾರಿ ಹೆಚ್ಚಿದೆ.

ಖರ್ಚಿನ ಬಗ್ಗೆ ಗಾಬರಿಪಡುವಂತಹದ್ದೇನಿಲ್ಲ. ಸಂಘ ಕ್ಯಾಮರಾ ಕೊಳ್ಳಬೇಕಾಗಿಲ್ಲ, ಇರುವ ಮೊಬೈಲೇ ಸಾಕು. ಇಪ್ಪತ್ತು ಮಂದಿಯ ಒಂದು ತಂಡ, ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು, ನಾಲ್ಕು ಶಿಬಿರಗಳು ನಾಲ್ಕು ಸದಸ್ಯರ ತೋಟಗಳಲ್ಲಿ. ಊಟ, ಗೌರವಧನಗಳ ಖರ್ಚು ಶಿಬಿರ ಶುಲ್ಕದಲ್ಲಿ ನಡೆಯಲಿ. ಚಿತ್ರಗಳ ಮುದ್ರಣದ ಖರ್ಚನ್ನು ಮಾತ್ರ ಸಂಘ ವಹಿಸಿಕೊಳ್ಳಲಿ. ಮಹಾಸಭೆಯ ದಿನ ಪ್ರತಿಯೊಬ್ಬರ ನಾಲ್ಕು ಚಿತ್ರಗಳನ್ನೂ ಸಭಾಂಗಣದ ಗೋಡೆಗೆ ಹಾಕೋಣ. ಸದಸ್ಯರು ನೋಡಲಿ, ಹೊಗಳಲಿ, ತಪ್ಪು ತೋರಿಸಲಿ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ತೋಟದ ಕೆಲಸಕ್ಕೂ ಛಾಯಾಚಿತ್ರಕ್ಕೂ ಆ ಮಾತು ಸಮನಾಗಿ ಸಲ್ಲುತ್ತದೆ. ಮುಂದಿನ ಆಡಳಿತ ಮಂಡಳಿಯ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಬೇಕೆಂದು ನಾವು ಕೋರುತ್ತೇವೆ. ಸದಸ್ಯ ಬಂಧುಗಳು, ಒಪ್ಪುವವರೂ ಒಪ್ಪದವರೂ, ತಮ್ಮ ಅಭಿಪ್ರಾಯವನ್ನು ಬರೆದು ಕಳಿಸಬೇಕೆಂದು ವಿನಂತಿ. ಮೊದಲ ತಂಡ ಬರುವ ಹೂಮಳೆಗೆ ಸಿದ್ಧವಾಗಿರಬೇಕಾದರೆ ಈಗಲೇ ಹೆಸರು ಬರೆಸಿಕೊಳ್ಳುವುದು ಒಳ್ಳೆಯದು. ಮಳೆ ನಮ್ಮ ಠರಾವಿಗಾಗಿ ಕಾಯುವುದಿಲ್ಲ.