ಗಂಟು ಕಟ್ಟುವುದೂ ವಿಜ್ಞಾನವೇ!

ಹಿಂದೊಮ್ಮೆ ವಿದ್ಯಾರ್ಥಿಗಳೊಂದಿಗೆ ಕುಮಾರ ಪರ್ವತ (1,712 ಮೀಟರ್) ಹತ್ತುತ್ತಿದ್ದೆ. ಬಂಡೆಯೊಂದರ ಬಳಿ ಒಂಬತ್ತನೇ ತರಗತಿಯ ಹುಡುಗ ಆಯತಪ್ಪಿ ಹಿಂದಕ್ಕೆ ಬಿದ್ದ. ಪುಣ್ಯಕ್ಕೆ ಮೊಣಕೈ ತರಚಿತಷ್ಟೆ. ತಪ್ಪು ಅವನದಲ್ಲ, ನನ್ನದು. ಡೇರೆಯನ್ನು ಅವನ ಬೆನ್ನುಚೀಲದ ಹೊರಬದಿಗೆ ಕಟ್ಟಿದವನು ನಾನೇ!

ಕಾರಣ ಸರಳ. ಭಾರ ಬೆನ್ನಿನಿಂದ ದೂರವಾದಷ್ಟೂ ಗುರುತ್ವ ಕೇಂದ್ರ ಹಿಂದೆ ಸರಿಯುತ್ತದೆ. ಅಲ್ಲಿಂದ ಇಳಿದ ಲಂಬರೇಖೆ ಪಾದಗಳ ಆಚೆ ಬಿದ್ದರೆ ದೇಹ ಉರುಳುತ್ತದೆ. ಆದ್ದರಿಂದ ಹಗುರವಾದ ಹೊದಿಕೆ ತಳದಲ್ಲಿರಲಿ. ಡೇರೆ, ಅಕ್ಕಿ, ಪಾತ್ರೆ ಚೀಲದ ನಡುವೆ, ಬೆನ್ನಿಗೆ ತಾಗಿಕೊಂಡಿರಲಿ. ಅವುಗಳ ಹೊರಬದಿಗೆ ಬಟ್ಟೆಬರೆ. ಟಾರ್ಚು, ಮಳೆ ಅಂಗಿ, ಔಷಧಿ ಎಲ್ಲಕ್ಕಿಂತ ಮೇಲೆ. ಗೂಟಗಳಿಗೆ ಬೇರೆ ಸಂಚಿ. ಇಲ್ಲವಾದರೆ ಡೇರೆಯ ಬಟ್ಟೆ ಹರಿದೀತು. ಎಲ್ಲವನ್ನೂ ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ತುಂಬಿದರೆ ಮಳೆಯ ಚಿಂತೆಯಿಲ್ಲ.

ಒದ್ದೆ ಡೇರೆಯನ್ನು ಮಡಿಸಿಟ್ಟು ಮರೆಯಬೇಡಿ. ತೇವವಿದ್ದಲ್ಲಿ ಬೂಷ್ಟು ಬೆಳೆಯುತ್ತದೆ. ಮನೆಗೆ ಬಂದೊಡನೆ ನೆರಳಿನಲ್ಲಿ ಹರವಿ ಒಣಗಿಸಿ. ಬಿಸಿಲಿನ ಅತಿನೇರಳೆ ಕಿರಣಗಳು ನೈಲಾನನ್ನು ದುರ್ಬಲಗೊಳಿಸುತ್ತವೆ.

ಪಾಲಕರೇ, ಚೀಲವನ್ನು ನೀವು ತುಂಬಿಕೊಡಬೇಡಿ. ಮಕ್ಕಳೇ ತುಂಬಲಿ, ನೀವು ಒಮ್ಮೆ ಎತ್ತಿ ನೋಡಿ. ಕತ್ತಲಲ್ಲಿ ಟಾರ್ಚು ಹುಡುಕಬೇಕಾದವರು ಅವರೇ ತಾನೆ?